ತೂತು ಮುಚ್ಚುವ ಮೊದಲು ಅದನ್ನು ದೊಡ್ಡದು ಮಾಡಿ

ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಒಂದು ಫ್ಲಾಟಿಗೆ ಹೋಗಿದ್ದೆ. ಊಟದ ಮೇಜಿನ ಮೇಲೆ ತೆಂಗಿನಕಾಯಿ ಗಾತ್ರದ ಪುಟ್ಟಿ ಮುದ್ದೆ ಬಿದ್ದಿತ್ತು. ಒಡೆದು ನೋಡಿದರೆ ಒಳಗೆ ಹಳೆ ನ್ಯೂಸ್‌ಪೇಪರ್ ಉಂಡೆ. ಮೂರು ತಿಂಗಳ ಹಿಂದೆ, ಮೇಲಿನ ಮನೆಯ ಬಾತ್‌ರೂಮಿನ ಸೋರಿಕೆ ಹುಡುಕಲು ಫಾಲ್ಸ್ ಸೀಲಿಂಗ್ ಒಡೆದಿದ್ದರಂತೆ. ಆಮೇಲೆ ಯಾರೋ ಬಂದು ತೂತಿಗೆ ಪೇಪರ್ ತುರುಕಿ, ಪುಟ್ಟಿ ಬಳಿದು, ಪೇಂಟ್ ಹೊಡೆದು ಹೋಗಿದ್ದರು. "ಮೊಮ್ಮಗು ಈಗ ತಾನೇ ಇಲ್ಲಿ ಕೂತು ಊಟ ಮಾಡಿ ಎದ್ದಿತ್ತಪ್ಪ" ಎಂದರು ಆ ಮನೆಯ ಅಜ್ಜಿ. ಅವರ ಕೈ ಇನ್ನೂ ನಡುಗುತ್ತಿತ್ತು.

ಗೋಡೆಯ ತೂತಿನಲ್ಲಿ ಪುಟ್ಟಿ ಹೇಗೋ ಕೂತುಕೊಳ್ಳುತ್ತದೆ. ಸೀಲಿಂಗಿನಲ್ಲಿ ಕೂರಲು ಜಾಗವೇ ಇಲ್ಲ, ಅದು ನೇತಾಡಬೇಕು. ಹಾಗಾಗಿ ತೇಪೆಗೆ ಮೇಲಿನಿಂದ ಒಂದು ಆಧಾರ ಬೇಕು. ಆಧಾರ ಕೊಡಲು ನಮ್ಮ ಕೈ ಒಳಗೆ ಹೋಗಬೇಕು, ಸುತ್ತಲಿನ ಅಂಚು ಗಟ್ಟಿ ಇರಬೇಕು. ಅಂದರೆ ತೂತನ್ನು ಇನ್ನಷ್ಟು ದೊಡ್ಡದು ಮಾಡಲೇಬೇಕು. ಮನೆಯವರು ಇದಕ್ಕೇ ಹೆದರುತ್ತಾರೆ. "ಇರೋ ತೂತೇ ಸಾಕಾಗಿದೆ, ಇನ್ನೂ ಕೊಯ್ಯಬೇಕಾ?" ಎನ್ನುತ್ತಾರೆ. ಹೌದು, ಕೊಯ್ಯಬೇಕು.

ಫಾಲ್ಸ್ ಸೀಲಿಂಗಿನ ಈ ಬೋರ್ಡು ಏನು ಅಂತ ಒಮ್ಮೆ ನೋಡಿ. ಎರಡು ದಪ್ಪ ಕಾಗದದ ನಡುವೆ ಜಿಪ್ಸಂ, ಅಷ್ಟೇ. ನಮ್ಮ ಸೀಲಿಂಗುಗಳಿಗೆ ಸಾಮಾನ್ಯವಾಗಿ ಬರುವುದು 12.5 ಮಿ.ಮೀ. ದಪ್ಪದ್ದು, 6 ಅಡಿಗೆ 4 ಅಡಿಯ ಶೀಟು. ಚದರ ಅಡಿಗೆ ಸುಮಾರು ಮುಕ್ಕಾಲು ಕೆಜಿ ತೂಗುತ್ತದೆ. ಅದರ ಗಟ್ಟಿತನ ಜಾಸ್ತಿ ಇರುವುದು ಕಾಗದದಲ್ಲಿ. ನೀರು ಕುಡಿದರೆ ಕಾಗದ ಬಿಟ್ಟುಕೊಳ್ಳುತ್ತದೆ, ಒಳಗಿನ ಜಿಪ್ಸಂ ಮೆತ್ತಗಾಗುತ್ತದೆ. ಒಮ್ಮೆ ಹೊಟ್ಟೆ ಜೋತುಬಿದ್ದ ಬೋರ್ಡು ಒಣಗಿದ ಮೇಲೂ ಮೊದಲಿನಂತೆ ಆಗುವುದಿಲ್ಲ. ಅದನ್ನು ತೆಗೆಯಲೇಬೇಕು.

ಹಾಗಾಗಿ ಸೋರಿಕೆ ನಿಂತಿದೆಯಾ ಅನ್ನುವುದು ಮೊದಲ ಪ್ರಶ್ನೆ. ಮೇಲಿನ ಮನೆಯವರಿಗೆ ಹೇಳಿ ಬಾತ್‌ರೂಮಿನಲ್ಲಿ ಎರಡು ಮೂರು ದಿನ ಎಂದಿನಂತೆ ನೀರು ಬಿಡಿಸಿ, ತೂತಿನೊಳಗೆ ಟಾರ್ಚ್ ಹಾಕಿ ನೋಡಿ. ಸ್ಲ್ಯಾಬ್ ಒಣಗಿದ್ದರೆ ಮಾತ್ರ ಮುಂದಿನ ಕೆಲಸ. ಆ ಜಾಗದ ಲೈಟಿನ ಎಂಸಿಬಿ ಆರಿಸಿ, ಮೊಬೈಲನ್ನು ಒಳಗೆ ಹಿಡಿದು ಸುತ್ತಲೂ ವಿಡಿಯೋ ತೆಗೆಯಿರಿ. ವೈರುಗಳು ಬೋರ್ಡಿನ ಬೆನ್ನ ಮೇಲೇ ಮಲಗಿರುತ್ತವೆ. ಎಸಿಯ ಪೈಪೂ ಇರಬಹುದು.

ಈಗ ತೂತಿನ ಸುತ್ತ ಬೆರಳಿನಿಂದ ಒತ್ತಿ ನೋಡಿ. ಎಲ್ಲಿ ಮೆತ್ತಗೆ ಒಳಗೆ ಹೋಗುತ್ತದೋ ಅಲ್ಲಿವರೆಗೂ ಹಾಳಾಗಿದೆ ಅಂತ ಅರ್ಥ. ಅದನ್ನು ದಾಟಿ ಗಟ್ಟಿ ಜಾಗದಲ್ಲಿ ಸ್ಕೇಲ್ ಇಟ್ಟು ಚೌಕ ಎಳೆಯಿರಿ. ಕನ್ನಡಕ, ಮಾಸ್ಕ್ ಹಾಕಿಕೊಂಡು ಸಣ್ಣ ಕೈ ಗರಗಸದಲ್ಲಿ ಆ ಗೆರೆಯ ಮೇಲೆ ನಿಧಾನಕ್ಕೆ ಕೊಯ್ಯಿರಿ. ನೇರ ಅಂಚಿನ ಚೌಕಕ್ಕೆ ತೇಪೆ ಕತ್ತರಿಸುವುದು ಸುಲಭ. ಹರಿದ ದುಂಡು ತೂತಿಗೆ ಯಾವ ತೇಪೆಯೂ ಸರಿಯಾಗಿ ಕೂರುವುದಿಲ್ಲ.

ಆಧಾರಕ್ಕೆ 12 ಮಿ.ಮೀ. ಪ್ಲೈವುಡ್ಡಿನ ಪಟ್ಟಿ ಸಾಕು. ಎರಡೂವರೆ ಮೂರು ಇಂಚು ಅಗಲ, ತೂತಿಗಿಂತ ಎರಡೂ ಕಡೆ ಮೂರು ಇಂಚು ಉದ್ದ. ಸೀಲಿಂಗ್ ಚಾನೆಲ್ಲಿನ, ಅಂದರೆ ಬೋರ್ಡನ್ನು ಹಿಡಿದಿಡುವ ಲೋಹದ ಪಟ್ಟಿಯ, ತುಂಡು ಸಿಕ್ಕರೆ ಇನ್ನೂ ಒಳ್ಳೆಯದು. ಪಟ್ಟಿಯನ್ನು ಓರೆಯಾಗಿ ಒಳಗೆ ತೂರಿಸಿ, ಅರ್ಧ ಹಳೆ ಬೋರ್ಡಿನ ಮೇಲೆ, ಅರ್ಧ ತೂತಿನ ಕಡೆ ಕಾಣುವಂತೆ ಇಡಿ. ಪ್ಲೈವುಡ್ಡಾದರೆ ಅದು ಒಳಗೆ ಜಾರದಂತೆ ಮೊದಲೇ ನಡುವೆ ಒಂದು ಉದ್ದ ಸ್ಕ್ರೂ ಅರ್ಧಕ್ಕೆ ಹಾಕಿಕೊಳ್ಳಿ. ಅದೇ ಹಿಡಿ. ಒಂದು ಕೈಯಲ್ಲಿ ಅದನ್ನು ಕೆಳಗೆ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಕೆಳಗಿನಿಂದ ಹಳೆ ಬೋರ್ಡಿನ ಮೂಲಕ 25 ಮಿ.ಮೀ. ಡ್ರೈವಾಲ್ ಸ್ಕ್ರೂ ಹೊಡೆಯಿರಿ. ಪಟ್ಟಿ ಬಿಗಿಯಾದ ಮೇಲೆ ಹಿಡಿಯ ಸ್ಕ್ರೂ ತೆಗೆದುಬಿಡಿ. ಅಡಿ ಅಗಲದ ತೂತಿಗೆ ಎರಡು ಬದಿ ಎರಡು ಪಟ್ಟಿ. ಅದಕ್ಕಿಂತ ದೊಡ್ಡದಾದರೆ ನಾಲ್ಕೂ ಕಡೆ ಹಾಕಿ. ಒಂದೂವರೆ ಅಡಿ ದಾಟಿದರೆ ಪಕ್ಕದ ಚಾನೆಲ್‌ವರೆಗೆ ಕೊಯ್ದು ಅದಕ್ಕೇ ಕೂರಿಸುವುದು ವಾಸಿ.

ತೇಪೆಯನ್ನು ತೂತಿಗಿಂತ ಮೂರು ಮಿ.ಮೀ. ಚಿಕ್ಕದು ಮಾಡಿ. ದಪ್ಪವೂ ಹಳೆ ಬೋರ್ಡಿನದೇ ಇರಬೇಕು. ಅದನ್ನು ತೂತಿಗೆ ಕೂರಿಸಿ ಪಟ್ಟಿಗಳಿಗೆ ಸ್ಕ್ರೂ ಹೊಡೆಯುವಾಗ ಕೈ ಬಿಗಿ ಹಿಡಿಯಿರಿ. ಅದರ ತಲೆ ಕಾಗದವನ್ನು ಸ್ವಲ್ಪ ಒಳಗೆ ಒತ್ತಬೇಕು, ಹರಿಯಬಾರದು. ಕಾಗದ ಹರಿದರೆ ಆ ಸ್ಕ್ರೂ ಇದ್ದೂ ಇಲ್ಲದಂತೆ. ಅದರ ಪಕ್ಕ ಎರಡು ಇಂಚು ಬಿಟ್ಟು ಇನ್ನೊಂದು ಹಾಕಿ.

ಹಳೆ ಲೈಟ್ ತೆಗೆದ ಮೂರು ನಾಲ್ಕು ಇಂಚಿನ ತೂತಿಗೆ ಇಷ್ಟೆಲ್ಲ ಬೇಡ. ಸುತ್ತ ಎರಡೆರಡು ಇಂಚು ದೊಡ್ಡದಾದ ತುಂಡು ತೆಗೆದುಕೊಂಡು, ಅಂಚಿನ ಆ ಎರಡು ಇಂಚಿನಲ್ಲಿ ಮಾತ್ರ ಹಿಂದಿನಿಂದ ಜಿಪ್ಸಂ ಸುಲಿದು ಮುಂದಿನ ಕಾಗದವನ್ನು ರೆಕ್ಕೆಯಂತೆ ಉಳಿಸಿ. ಬೋರ್ಡಿನ ಸಂದು ತುಂಬುವ ಜಾಯಿಂಟಿಂಗ್ ಕಾಂಪೌಂಡ್ ಹಚ್ಚಿ ಅಂಟಿಸಿ. ಆ ರೆಕ್ಕೆಯೇ ಸಂದು ಮುಚ್ಚುವ ಟೇಪಿನ ಕೆಲಸ ಮಾಡುತ್ತದೆ.

ದೊಡ್ಡ ತೇಪೆಗೆ ಮಾತ್ರ ಟೇಪ್ ಬೇಕೇ ಬೇಕು. ಇಲ್ಲಿ ಗೋಡೆಗೆ ಬಳಿಯುವ ಸಿಮೆಂಟ್ ಪುಟ್ಟಿ ತರಬೇಡಿ. ಅದು ಕಲ್ಲಿನಂತೆ ಬಿಗಿಯುತ್ತದೆ, ಫ್ಯಾನು ತಿರುಗಿ ಬೋರ್ಡು ಸ್ವಲ್ಪ ಅಲುಗಿದರೂ ಸಂದಿನಲ್ಲಿ ಗೆರೆ ಬಿಡುತ್ತದೆ. ಅಂಗಡಿಯಲ್ಲಿ ಜಾಯಿಂಟಿಂಗ್ ಕಾಂಪೌಂಡ್ ಎಂದೇ ಕೇಳಿ. ಮೊದಲು ಸಂದು ತುಂಬಿ, ಅದರ ಮೇಲೆ ಪೇಪರ್ ಟೇಪ್ ಒತ್ತಿ, ಪುಟ್ಟಿ ಬ್ಲೇಡಿನಿಂದ ಎಳೆದು ಗಾಳಿಗುಳ್ಳೆ ತೆಗೆಯಿರಿ. ಒಣಗಿದ ಮೇಲೆ ಎರಡನೇ ಕೋಟು, ಮತ್ತೆ ಒಣಗಿದ ಮೇಲೆ ಮೂರನೇದು. ಪ್ರತಿ ಸಲ ಹಿಂದಿನದಕ್ಕಿಂತ ಮೂರು ನಾಲ್ಕು ಇಂಚು ಅಗಲಕ್ಕೆ, ಅಂಚು ತೆಳ್ಳಗೆ. ಒಂದು ಕೋಟಿಗೆ ಒಂದು ದಿನ ಬಿಡಿ, ಮಳೆಗಾಲದಲ್ಲಿ ಎರಡು. ಒಂದೇ ದಿನದಲ್ಲಿ ಮುಗಿಸುತ್ತೇನೆ ಎನ್ನುವವರಿಗೆ ಕೆಲಸ ಕೊಡಬೇಡಿ.

ಎಮರಿ ಪೇಪರಿನಲ್ಲಿ ಉಜ್ಜಿದ ಮೇಲೆ ರಾತ್ರಿ ದೀಪ ಆರಿಸಿ, ಟಾರ್ಚನ್ನು ಸೀಲಿಂಗಿಗೆ ತಾಗಿಸಿ ಅಡ್ಡಕ್ಕೆ ಬಿಡಿ. ಹಗಲಲ್ಲಿ ಕಾಣದ ಏರು ತಗ್ಗೆಲ್ಲ ನೆರಳಾಗಿ ಕಾಣುತ್ತದೆ. ಪೆನ್ಸಿಲಿನಲ್ಲಿ ಗುರುತು ಹಾಕಿ, ಬೆಳಿಗ್ಗೆ ಸರಿ ಮಾಡಿ. ಸುತ್ತ ನೀರಿನ ಕಂದು ಕಲೆ ಉಳಿದಿದ್ದರೆ ಎಣ್ಣೆ ಪ್ರೈಮರ್ ಹೊಡೆಯಿರಿ, ನೀರಿನ ಪೇಂಟಿನಲ್ಲಿ ಅದು ಮತ್ತೆ ಮೇಲೆ ಬರುತ್ತದೆ. ಪೇಂಟನ್ನು ತೇಪೆಗಷ್ಟೇ ಬಳಿಯದೆ ಇಡೀ ಸೀಲಿಂಗಿಗೆ ಬಳಿದರೆ ಗುರುತು ಸಿಗುವುದಿಲ್ಲ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಅಲ್ಲಿ ಡ್ರೈವಾಲ್ ಎನ್ನುವುದು ಇದೇ ಬೋರ್ಡನ್ನು. ಆದರೆ ಅಲ್ಲಿ ಅದನ್ನು ಹೆಚ್ಚಾಗಿ 16 ಅಥವಾ 24 ಇಂಚಿಗೊಂದರಂತೆ ಇರುವ ಮರದ ತೊಲೆಗಳಿಗೇ ಹೊಡೆದಿರುತ್ತಾರೆ. ಮನೆ 1980ಕ್ಕಿಂತ ಹಳೆಯದಾಗಿ, ಸೀಲಿಂಗ್ ಪಾಪ್‌ಕಾರ್ನಿನಂತೆ ಒರಟಾಗಿದ್ದರೆ ಉಜ್ಜಲು ಹೋಗಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು, ಮೊದಲು ಪರೀಕ್ಷೆ ಮಾಡಿಸಿ.

ಅಜ್ಜಿಯ ಮನೆಯ ತೂತನ್ನು ಮಾತ್ರ ನಾನು ಮುಚ್ಚಲಿಲ್ಲ. ಸೋರಿಕೆ ನಿಂತಿತ್ತು, ನಿಜ. ಆದರೆ ಅದರ ಮೇಲೇ ಪೈಪಿನ ಜಾಯಿಂಟ್ ಇತ್ತು, ಇಂದಲ್ಲ ನಾಳೆ ಮತ್ತೆ ನೋಡಲೇಬೇಕಾದ ಜಾಗ. ಸುತ್ತಲೂ ಫ್ರೇಮ್ ಕೊಟ್ಟು, ಎರಡು ಅಡಿ ಚೌಕದ ತೆಗೆದು ಹಾಕುವ ಬಾಗಿಲು ಕೂರಿಸಿದೆ. ಮೊನ್ನೆ ಅಜ್ಜಿ ಫೋನ್ ಮಾಡಿದ್ದರು. ಪ್ಲಂಬರ್ ಬಂದು, ಬಾಗಿಲು ತೆರೆದು, ಜಾಯಿಂಟ್ ಬಿಗಿ ಮಾಡಿ, ಹತ್ತು ನಿಮಿಷದಲ್ಲಿ ಮುಚ್ಚಿ ಹೋದರಂತೆ.