ಪದ ಪರಿಚಯ: ಐಎಸ್‌ಎಲ್ ಪ್ಲೇಆಫ್

ಲೀಗ್ ಹಂತದ ಪಂದ್ಯಗಳೆಲ್ಲ ಮುಗಿದ ಮೇಲೆ ಅಂಕಪಟ್ಟಿಯ ಮೇಲಿನ ಕೆಲವೇ ತಂಡಗಳನ್ನು ಉಳಿಸಿಕೊಂಡು, ಸೋತವರನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸಿ, ಕೊನೆಗೆ ಉಳಿದವರ ಕೈಗೆ ಕಪ್ ಕೊಡುವ ಸುತ್ತುಗಳೇ ಪ್ಲೇಆಫ್. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಇದಿಲ್ಲ. ಹೆಚ್ಚು ಅಂಕ ಗಳಿಸಿದವರೇ ಚಾಂಪಿಯನ್. ಭಾರತದ ಫುಟ್‌ಬಾಲ್ ಲೀಗ್ ಆದ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) 2014ರ ಮೊದಲ ಆವೃತ್ತಿಯಿಂದ 2024-25ರವರೆಗೂ ಕಪ್ ಯಾರಿಗೆ ಎಂಬುದನ್ನು ತೀರ್ಮಾನಿಸಿದ್ದು ಪ್ಲೇಆಫ್.

ಮೊದಲು ತಿಳಿದಿರಬೇಕಾದ ವಿಷಯ: ಲೀಗ್‌ನಲ್ಲಿ ಗಳಿಸಿದ ಅಂಕ ಇಲ್ಲಿಗೆ ಬರುವುದಿಲ್ಲ. ಬರುವುದು ಸ್ಥಾನ ಮಾತ್ರ. 2017-18ರಲ್ಲಿ ಬೆಂಗಳೂರು ಎಫ್‌ಸಿ 18 ಪಂದ್ಯಗಳಿಂದ 40 ಅಂಕ ಗಳಿಸಿ ಪಟ್ಟಿಯ ಅಗ್ರಸ್ಥಾನದಲ್ಲಿತ್ತು. ಎರಡನೇ ಸ್ಥಾನದ ಚೆನ್ನೈಯಿನ್ ಎಫ್‌ಸಿಗೆ 32 ಅಂಕ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ ನಡೆದ ಫೈನಲ್‌ನಲ್ಲಿ ಬೆಂಗಳೂರಿನ ಸುನಿಲ್ ಛೆಟ್ರಿ ಮೊದಲ ಗೋಲು ಹೊಡೆದರೂ, ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಕಾರ್ನರ್‌ಗಳಿಂದ ತಲೆಯಲ್ಲೇ ಎರಡು ಗೋಲು ಹಾಕಿದರು. ಚೆನ್ನೈಯಿನ್ 3-2ರಿಂದ ಗೆದ್ದಿತು. ಎಂಟು ಅಂಕಗಳ ಅಂತರಕ್ಕೆ ಆ ರಾತ್ರಿ ಬೆಲೆಯೇ ಇರಲಿಲ್ಲ. ಪಟ್ಟಿಯಲ್ಲಿ ಮೊದಲು ಬಂದವರಿಗೆ ಕೊಡುವ ಲೀಗ್ ಶೀಲ್ಡ್ ಆಗಿನ್ನೂ ಹುಟ್ಟಿರಲೂ ಇಲ್ಲ.

ಮೊದಲು ನಾಲ್ಕು ತಂಡಗಳು ನೇರವಾಗಿ ಸೆಮಿಫೈನಲ್ ಆಡುತ್ತಿದ್ದವು. 2022-23ರಿಂದ ಆರು ತಂಡಗಳಾದವು. ಮೊದಲ ಎರಡು ಸ್ಥಾನದವರು ನೇರ ಸೆಮಿಫೈನಲ್‌ಗೆ. ಮೂರನೆಯವರು ಆರನೆಯವರೊಂದಿಗೆ, ನಾಲ್ಕನೆಯವರು ಐದನೆಯವರೊಂದಿಗೆ ಒಂದೊಂದು ನಾಕೌಟ್ ಪಂದ್ಯ ಆಡುತ್ತಿದ್ದರು; ಪಟ್ಟಿಯಲ್ಲಿ ಮೇಲಿರುವವರಿಗೆ ತವರಿನ ಅಂಗಳ. 4-5ರ ವಿಜೇತರು ಅಗ್ರಸ್ಥಾನದ ತಂಡವನ್ನೂ, 3-6ರ ವಿಜೇತರು ಎರಡನೇ ಸ್ಥಾನದ ತಂಡವನ್ನೂ ಎದುರಿಸುತ್ತಿದ್ದರು.

ಐಪಿಎಲ್ ನೋಡಿ ಅಭ್ಯಾಸವಾದವರು ತಪ್ಪು ತಿಳಿಯುವುದು ಇಲ್ಲೇ. ಅಲ್ಲಿ ಮೊದಲೆರಡು ಸ್ಥಾನದವರಿಗೆ ಕ್ವಾಲಿಫೈಯರ್ ಸೋತರೂ ಇನ್ನೊಂದು ಅವಕಾಶವಿದೆ. ಐಎಸ್‌ಎಲ್‌ನಲ್ಲಿ ಹಾಗಿರಲಿಲ್ಲ. ಒಂದು ನಾಕೌಟ್ ಪಂದ್ಯದ ಅಪಾಯ ತಪ್ಪುತ್ತಿತ್ತು, ಸ್ವಲ್ಪ ವಿಶ್ರಾಂತಿ ಸಿಗುತ್ತಿತ್ತು, ಅಷ್ಟೇ. ಸೆಮಿಫೈನಲ್ ಸೋತರೆ ಮೊದಲನೆಯವರೂ ಮನೆಗೇ.

ಸೆಮಿಫೈನಲ್ ಎರಡು ಲೆಗ್‌ಗಳದ್ದು: ಒಂದು ಇವರ ಊರಲ್ಲಿ, ಇನ್ನೊಂದು ಅವರ ಊರಲ್ಲಿ. ಎರಡರ ಗೋಲುಗಳನ್ನೂ ಕೂಡಿಸಿ ನೋಡುತ್ತಿದ್ದರು. ಮೊದಲ ಲೆಗ್ ಸಮವಾದರೆ 90 ನಿಮಿಷಕ್ಕೇ ಮುಗಿಯುತ್ತಿತ್ತು. ಹೆಚ್ಚುವರಿ ಅವಧಿಯ 30 ನಿಮಿಷ ಮತ್ತು ಪೆನಾಲ್ಟಿ ಶೂಟೌಟ್ ಬರುತ್ತಿದ್ದದ್ದು ಎರಡನೇ ಲೆಗ್‌ನ ಕೊನೆಗೂ ಒಟ್ಟು ಗೋಲು ಸಮವಿದ್ದರೆ ಮಾತ್ರ.

ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬ ಹಳೆಯ ನಿಯಮ ಇನ್ನೂ ಹಲವರ ತಲೆಯಲ್ಲಿದೆ. ಅದು ಇಲ್ಲ ಎನ್ನಲು 2023ರ ಮಾರ್ಚ್‌ನ ಸೆಮಿಫೈನಲ್ ಸಾಕು. ಬೆಂಗಳೂರು ಮುಂಬೈಗೆ ಹೋಗಿ ಮುಂಬೈ ಸಿಟಿಯನ್ನು 1-0ರಿಂದ ಸೋಲಿಸಿತು. ಕಂಠೀರವದಲ್ಲಿ ಮುಂಬೈ 2-1ರಿಂದ ಗೆದ್ದಿತು. ಒಟ್ಟು 2-2. ಹೊರಗಿನ ಅಂಗಳದಲ್ಲಿ ಮುಂಬೈಯದು ಎರಡು ಗೋಲು, ಬೆಂಗಳೂರಿನದು ಒಂದು. ಹಳೆಯ ಲೆಕ್ಕದಲ್ಲಿ 90 ನಿಮಿಷಕ್ಕೇ ಮುಂಬೈ ಫೈನಲ್‌ಗೆ ಹೋಗಬೇಕಿತ್ತು. ಆದರೆ ಹೆಚ್ಚುವರಿ ಅವಧಿ ನಡೆಯಿತು, ಶೂಟೌಟ್ ನಡೆಯಿತು, ಬೆಂಗಳೂರು 9-8ರಿಂದ ಗೆದ್ದಿತು. ಶೀಲ್ಡ್ ಗೆದ್ದಿದ್ದ ಮುಂಬೈ ಹೊರಬಿತ್ತು.

ಎರಡನೇ ಲೆಗ್ ಎಲ್ಲಿ ನಡೆಯುತ್ತಿತ್ತು ಎಂಬುದೂ ಸಣ್ಣ ವಿಷಯವಲ್ಲ, ಏಕೆಂದರೆ ಹೆಚ್ಚುವರಿ ಅವಧಿಯೂ ಶೂಟೌಟೂ ಆ ಅಂಗಳದ್ದೇ. 2022-23ರಲ್ಲಿ ಪಟ್ಟಿಯಲ್ಲಿ ಮೇಲಿದ್ದವರ ತವರಿನಲ್ಲಿ ಮೊದಲ ಲೆಗ್ ನಡೆಯಿತು. ಮೇಲೆ ಹೇಳಿದ ಶೂಟೌಟ್ ನಾಲ್ಕನೇ ಸ್ಥಾನದ ಬೆಂಗಳೂರಿನ ಅಭಿಮಾನಿಗಳ ಮುಂದೆ ನಡೆದದ್ದು ಅದಕ್ಕೇ. 2023-24ರಿಂದ ಇದು ತಿರುಗಿತು. ಮೇಲಿನವರಿಗೆ ಎರಡನೇ ಲೆಗ್ ತವರಿನಲ್ಲಿ. ಅದೇ ಸರಿ ಎನಿಸುತ್ತದೆ: ಅಗ್ರಸ್ಥಾನಕ್ಕೆ ಇಷ್ಟಾದರೂ ಬೆಲೆ ಬೇಕಲ್ಲ.

ನಾಕೌಟ್‌ನಲ್ಲಿ ಎರಡನೇ ಲೆಗ್ ಎಂಬ ಆಸರೆಯಿರಲಿಲ್ಲ, ಒಂದು ಕ್ಷಣ ಮೈಮರೆತರೂ ಋತುವೇ ಮುಗಿಯುತ್ತಿತ್ತು. 2023ರ ಮಾರ್ಚ್ 3ರಂದು ಬೆಂಗಳೂರು–ಕೇರಳ ಬ್ಲಾಸ್ಟರ್ಸ್ ಪಂದ್ಯ ಗೋಲಿಲ್ಲದೆ ಹೆಚ್ಚುವರಿ ಅವಧಿಗೆ ಹೋಯಿತು. ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಾಗ ಬ್ಲಾಸ್ಟರ್ಸ್ ಚೆಂಡು ತಡೆಯಲು ಇನ್ನೂ ಆಟಗಾರರ ಗೋಡೆ ಕಟ್ಟುತ್ತಿತ್ತು. ಛೆಟ್ರಿ ಕಾಯದೆ ಚೆಂಡನ್ನು ಬಲೆಗೆ ಹಾಕಿದರು. ಫ್ರೀ ಕಿಕ್‌ಗೆ ಪ್ರತಿ ಬಾರಿ ಸೀಟಿಗಾಗಿ ಕಾಯಬೇಕೆಂಬ ನಿಯಮವಿಲ್ಲ. ರೆಫರಿ ‘ಸೀಟಿ ಊದುವವರೆಗೆ ನಿಲ್ಲಿ’ ಎಂದು ಸೂಚಿಸಿದ್ದರೆ ಮಾತ್ರ ಕಾಯಬೇಕು. ಅಂದು ಹಾಗೆ ಸೂಚಿಸಿದ್ದರೇ ಇಲ್ಲವೇ ಎಂಬುದರ ಮೇಲೇ ಜಗಳ. ರೆಫರಿ ಗೋಲು ಕೊಟ್ಟರು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ನಡೆಯಿತು, ಮರಳಲಿಲ್ಲ. ಬೆಂಗಳೂರು ಸೆಮಿಫೈನಲ್‌ಗೆ ಹೋಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು.

ಫೈನಲ್ ಒಂದೇ ಪಂದ್ಯ. 2023ರದ್ದು ಗೋವಾದ ಫತೋರ್ಡಾದಲ್ಲಿ ನಡೆಯಿತು. ಮುಂದಿನ ಎರಡು ವರ್ಷ ಪಟ್ಟಿಯಲ್ಲಿ ಮೇಲಿದ್ದ ಮೋಹನ್ ಬಗಾನ್‌ನ ಊರಾದ ಕೋಲ್ಕತ್ತದಲ್ಲಿ.

ಇನ್ನು ಶೀಲ್ಡ್. 2019-20ರಿಂದ ಅಂಕಪಟ್ಟಿಯ ಅಗ್ರಸ್ಥಾನಕ್ಕೆ ಪ್ರತ್ಯೇಕ ಶೀಲ್ಡ್ ಬಂತು, ಏಷ್ಯಾದ ಕ್ಲಬ್ ಟೂರ್ನಿಯ ಜಾಗವೂ ಅದಕ್ಕೇ ಸೇರಿತು. ಆ ವರ್ಷ ಅಗ್ರಸ್ಥಾನದಲ್ಲಿದ್ದ ಎಫ್‌ಸಿ ಗೋವಾ ಸೆಮಿಫೈನಲ್‌ನಲ್ಲಿ ಸೋತರೂ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತಕ್ಕೆ ನೇರವಾಗಿ ಹೋಯಿತು. ಹಾಗಾಗಿ ‘ಐಎಸ್‌ಎಲ್ ಗೆದ್ದರು’ ಎಂದು ಓದಿದಾಗ ಶೀಲ್ಡೋ ಕಪ್ಪೋ ಎಂದು ನೋಡಿಕೊಳ್ಳಬೇಕು. 2024-25ರವರೆಗಿನ ಆರು ಋತುಗಳಲ್ಲಿ ಎರಡನ್ನೂ ಒಂದೇ ತಂಡ ಗೆದ್ದದ್ದು ಎರಡೇ ಬಾರಿ: 2020-21ರಲ್ಲಿ ಮುಂಬೈ ಸಿಟಿ, 2024-25ರಲ್ಲಿ ಮೋಹನ್ ಬಗಾನ್. ಎರಡನೆಯದರ ಫೈನಲ್‌ನಲ್ಲೂ, ಲೀಗ್‌ನಲ್ಲಿ 56 ಅಂಕ ಗಳಿಸಿದ್ದ ಬಗಾನ್‌ಗೆ 38 ಅಂಕದ ಬೆಂಗಳೂರನ್ನು ತವರಿನಲ್ಲೇ 2-1ರಿಂದ ಸೋಲಿಸಲು ಹೆಚ್ಚುವರಿ ಅವಧಿ ಬೇಕಾಯಿತು.