ಎಫ್‌ಎಆರ್ ಏರಿದರೆ ಜನ ಏರುತ್ತಾರಾ? ನಾನು ಎಡವಿದ ಜಾಗದ ಟಿಪ್ಪಣಿ

ಹೋದ ವಾರ ನಮ್ಮ ನಗರ ಯೋಜನೆಯ ತರಗತಿಯಲ್ಲಿ ಚರ್ಚೆ ಇತ್ತು. ‘ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒತ್ತೊತ್ತಾಗಿ, ಎತ್ತರವಾಗಿ ಕಟ್ಟಲು ಬಿಡಬೇಕೆ?’ ಎಂಬುದು ವಿಷಯ. ನಾನು ‘ಬೇಡ’ ಎನ್ನುವ ಕಡೆ. ಮಲ್ಲೇಶ್ವರದ ಮರ, ಬಸವನಗುಡಿಯ ಅಡ್ಡರಸ್ತೆ, ನಲ್ಲಿ ನೀರು, ಪಾರ್ಕಿಂಗು ಎಲ್ಲ ಹೇಳಿ, ‘ಎಫ್‌ಎಆರ್ ದುಪ್ಪಟ್ಟಾದರೆ ಜನರೂ ದುಪ್ಪಟ್ಟು’ ಎಂದು ಜೋರಾಗಿ ಮುಗಿಸಿದೆ. (ಎಫ್‌ಎಆರ್ ಎಂದರೆ ಫ್ಲೋರ್ ಏರಿಯಾ ರೇಷಿಯೋ, ಸೈಟಿನಲ್ಲಿ ಎಷ್ಟು ಕಟ್ಟಬಹುದು ಎಂಬುದರ ಅಳತೆ.) ಎದುರು ತಂಡದ ಹುಡುಗಿ ಎದ್ದು ನಿಂತು ಕೇಳಿದ್ದು ಒಂದೇ ಮಾತು: ‘ಹೇಗೆ?’

ನಾನು ತಡವರಿಸಿದೆ. ಆಮೇಲೆ ಮೂರು ದಿನ ಕೂತು ಲೆಕ್ಕ ಹಾಕಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ), ನಕ್ಷೆ ಮಂಜೂರಾತಿ ಇವೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡು ಬಿಟ್ಟಿದ್ದೇನೆ.

ಎಫ್‌ಎಆರ್: ಚದರದಲ್ಲಿ ಲೆಕ್ಕ ಹಾಕಿ

ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣವನ್ನು ಸೈಟಿನ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದೇ ಎಫ್‌ಎಆರ್. ಮುಂಬೈಯವರು ಎಫ್‌ಎಸ್‌ಐ ಅನ್ನುತ್ತಾರೆ, ವಸ್ತು ಒಂದೇ.

ನನಗೆ ಚದರ ಅಡಿ, ಚದರ ಮೀಟರುಗಳ ನಡುವೆ ತಲೆ ಕೆಡುತ್ತಿತ್ತು. ಕೊನೆಗೆ ನಮ್ಮ ಮೇಸ್ತ್ರಿಗಳ ‘ಚದರ’ಕ್ಕೇ ಶರಣಾದೆ. ಹತ್ತು ಅಡಿಗೆ ಹತ್ತು ಅಡಿ, ಅಂದರೆ 100 ಚದರ ಅಡಿ, ಒಂದು ಚದರ. 30×40 ಸೈಟು ಎಂದರೆ 12 ಚದರ. 60×40 ಎಂದರೆ 24. ಬಾಯಿಲೆಕ್ಕದಲ್ಲೇ ಮುಗಿಯುತ್ತದೆ.

ಬೆಂಗಳೂರಿನಲ್ಲಿ ಈಗಲೂ ನಡೆಯುತ್ತಿರುವುದು 2007ರಲ್ಲಿ ಜಾರಿಗೆ ಬಂದ, 2015ಕ್ಕೆ ಎಂದು ಮಾಡಿದ ಪರಿಷ್ಕೃತ ಮಾಸ್ಟರ್ ಪ್ಲಾನ್. 2031ರ ಕರಡು ಬಂತು, ವಾಪಸ್ಸೂ ಹೋಯಿತು. ಹಳೆಯ ಪ್ಲಾನಿನಲ್ಲಿ ಚಿಕ್ಕ ವಸತಿ ಸೈಟುಗಳಿಗೆ ಎಫ್‌ಎಆರ್ 1.75. ಸೈಟು ದೊಡ್ಡದಾಗಿ, ಎದುರಿನ ರಸ್ತೆ ಅಗಲವಾದಂತೆ 3.25ರವರೆಗೆ ಏರುತ್ತದೆ. ಹಾಗಾಗಿ 30×40ರಲ್ಲಿ 12 × 1.75, ಅಂದರೆ 21 ಚದರ ಕಟ್ಟಬಹುದು.

ನನ್ನ ಮೆಚ್ಚಿನ ಅಡ್ಡದಾರಿ

ಮಹಡಿಗಳ ಸಂಖ್ಯೆ = ಎಫ್‌ಎಆರ್ ÷ ಕವರೇಜ್

ಕವರೇಜ್ ಎಂದರೆ ಕಟ್ಟಡ ಸೈಟಿನ ಎಷ್ಟು ಪಾಲನ್ನು ಆಕ್ರಮಿಸಿದೆ ಎಂಬುದು. ಚಿಕ್ಕ ಸೈಟಿಗೆ ಗರಿಷ್ಠ ಶೇ 75. ಹಾಗಿದ್ದರೆ 1.75 ÷ 0.75 = 2.33. ಎರಡು ಪೂರ್ತಿ ಮಹಡಿ, ಮೇಲೊಂದು ಮೂರನೇ ಒಂದು ಪಾಲು. ಇಷ್ಟೇ!

‘ಮತ್ತೆ ನಮ್ಮ ಬೀದಿಯ 30×40ಗಳಲ್ಲಿ ಐದು ಅಂತಸ್ತು ಹೇಗೆ ನಿಂತಿದೆ?’ ಎಂದು ಕೇಳುತ್ತೀರಿ. ಕೆಳಗಿನ ಸ್ಟಿಲ್ಟ್ ಪಾರ್ಕಿಂಗು (ಕಂಬಗಳ ನಡುವೆ ಕಾರು ನಿಲ್ಲಿಸುವ ಜಾಗ) ಎಫ್‌ಎಆರ್ ಲೆಕ್ಕಕ್ಕೆ ಬರುವುದಿಲ್ಲ, ಅದೊಂದು ಕಾರಣ. ಉಳಿದದ್ದಕ್ಕೆ ಕಾರಣ ನಿಮಗೂ ಗೊತ್ತು, ನನಗೂ ಗೊತ್ತು. ಪರೀಕ್ಷೆಯಲ್ಲಿ ‘ನಿಯಮ ಉಲ್ಲಂಘನೆ’ ಎಂದು ಬರೆದರೆ ಸಾಕು.

ಈ ಸೂತ್ರ ಇನ್ನೊಂದು ಭ್ರಮೆಯನ್ನೂ ಬಿಡಿಸಿತು. ಹೊರವರ್ತುಲ ರಸ್ತೆಯಲ್ಲಿ ಇಪ್ಪತ್ತು ಅಂತಸ್ತಿನ ಗೋಪುರ ಕಂಡಾಗಲೆಲ್ಲ ‘ಎಫ್‌ಎಆರ್ ಹತ್ತೋ ಹದಿನೈದೋ ಇರಬೇಕು’ ಅಂದುಕೊಳ್ಳುತ್ತಿದ್ದೆ. ಎಫ್‌ಎಆರ್ 3.25 ಇದ್ದು, ಕಟ್ಟಡ ಜಾಗದ ಶೇ 15 ಮಾತ್ರ ಆಕ್ರಮಿಸಿದರೆ 3.25 ÷ 0.15 = 21.7 ಮಹಡಿ. ಹಾಗಾಗಿ ಎತ್ತರ ನೋಡಿ ಎಫ್‌ಎಆರ್ ಊಹಿಸಬೇಡಿ. ಬಸವನಗುಡಿಯ ಒಂದು ಗಲ್ಲಿಯಲ್ಲಿ ಒಂದಕ್ಕೊಂದು ಅಂಟಿ ನಿಂತ ಮೂರಂತಸ್ತಿನ ಮನೆಗಳು ಕಣ್ಣಿಗೆ ಗಿಡ್ಡ, ಲೆಕ್ಕದಲ್ಲಿ ಗೋಪುರಕ್ಕೆ ಸಮೀಪ.

ನಾನು ಎಡವಿದ ಜಾಗ

ಇಲ್ಲಿ ನಿಧಾನವಾಗಿ ಓದಿ. ಎಫ್‌ಎಆರ್ ಎಣಿಸುವುದು ನೆಲವನ್ನು. ತಲೆಗಳನ್ನಲ್ಲ. ಪುಸ್ತಕದಲ್ಲಿ ಇದು ಒಂದೇ ಸಾಲು, ಹತ್ತು ಸಲ ಓದಿದ್ದೆ, ತಲೆಗೆ ಇಳಿದಿರಲಿಲ್ಲ. ಇಳಿದದ್ದು ಅಜ್ಜಿಯ ವಠಾರ ನೆನಪಾದಾಗ.

ನಮ್ಮಜ್ಜಿ ಮದುವೆಯಾಗಿ ಬಂದದ್ದು ಚಾಮರಾಜಪೇಟೆಯ ಒಂದು ವಠಾರಕ್ಕೆ. ನಡುವೆ ಅಂಗಳ, ಸುತ್ತ ಸಾಲುಮನೆ, ಒಂದು ನಲ್ಲಿ, ಹಿಂದುಗಡೆ ಎಲ್ಲರಿಗೂ ಸೇರಿ ಎರಡು ಕಕ್ಕಸು. ಲೆಕ್ಕಕ್ಕಾಗಿ ಅಂಥದ್ದೊಂದನ್ನು ಕಲ್ಪಿಸಿಕೊಳ್ಳೋಣ. ಸೈಟು 60×40, ಅಂದರೆ 24 ಚದರ. ಒಂದೇ ಅಂತಸ್ತು, ಶೇ 60 ಜಾಗದಲ್ಲಿ ಕಟ್ಟಡ. ಹತ್ತು ಮನೆ, ಮನೆಗೆ ಐದು ಜನ.

ಕಟ್ಟಿದ್ದು: 24 × 0.6 = 14.4 ಚದರ. ಎಫ್‌ಎಆರ್ 0.6. ಜನ 50. ತಲೆಗೆ ಬಂದದ್ದು 14.4 ÷ 50, ಸುಮಾರು 0.29 ಚದರ. ಒಬ್ಬರಿಗೆ ಒಂದು ಚಾಪೆ ಹಾಸಿ ಪಕ್ಕದಲ್ಲಿ ಟ್ರಂಕು ಇಡುವಷ್ಟು.

ಈಗ ಅದನ್ನು ಕೆಡವಿ ಫ್ಲಾಟು ಕಟ್ಟಿದರು ಎನ್ನಿ. ಎಫ್‌ಎಆರ್ 1.75, ಆದ್ದರಿಂದ 42 ಚದರ. ಮೂರು ಬೆಡ್‌ರೂಮಿನ ನಾಲ್ಕು ಫ್ಲಾಟು. ಫ್ಲಾಟಿಗೆ ನಾಲ್ಕು ಜನ. ಒಟ್ಟು 16. ತಲೆಗೆ 2.6 ಚದರ. (ಗೋಡೆ, ಮೆಟ್ಟಿಲು ಎಲ್ಲ ಸೇರಿಸಿಯೇ ಹೇಳುತ್ತಿದ್ದೇನೆ.)

ಕಟ್ಟಡ ಮೂರು ಪಟ್ಟು ಆಯಿತು. ಜನ ಮೂರನೇ ಒಂದು ಪಾಲಿಗೆ ಇಳಿದರು. ಇದನ್ನು ಬರೆದು ನೋಡಿ ಐದು ನಿಮಿಷ ಸುಮ್ಮನೆ ಕೂತೆ.

ಹಾಗಾದರೆ ಸೂತ್ರ:

ಜನ = ಸೈಟಿನ ಚದರ × ಎಫ್‌ಎಆರ್ ÷ ತಲೆಗೆ ಬೇಕಾದ ಚದರ

ನಾನು ಚರ್ಚೆಯಲ್ಲಿ ಭಾಗಿಸುವ ಕೆಳಗಿನ ಅಂಕಿಯನ್ನು, ಅಂದರೆ ತಲೆಗೆ ಬೇಕಾದ ಚದರವನ್ನು, ಮರೆತೇಬಿಟ್ಟಿದ್ದೆ. ಎಫ್‌ಎಆರ್ 0.6ರಿಂದ 1.75ಕ್ಕೆ ಹೋದದ್ದು 2.9 ಪಟ್ಟು. ಅದೇ ಹೊತ್ತಿಗೆ ತಲೆಗೆ ಬೇಕಾದ ಜಾಗ 0.29ರಿಂದ 2.6ಕ್ಕೆ, ಅಂದರೆ ಸುಮಾರು 9 ಪಟ್ಟು ಹಿಗ್ಗಿತು. ಮೇಲಿನದು ಓಡಿತು, ಕೆಳಗಿನದು ಇನ್ನೂ ಜೋರಾಗಿ ಓಡಿತು. ಕೈಯಲ್ಲಿ ದುಡ್ಡು ಬಂದವರು ಮೊದಲು ಕೊಳ್ಳುವುದೇ ಜಾಗವನ್ನು: ಮಗುವಿಗೊಂದು ಕೋಣೆ, ಪೂಜೆಗೊಂದು, ಕೆಲಸಕ್ಕೊಂದು.

ತಿರುಗಾ ನೋಡಿ. ಅದೇ 1.75ರಲ್ಲಿ 30×40 ಸೈಟಿನಲ್ಲಿ ಪಿಜಿ (ಪೇಯಿಂಗ್ ಗೆಸ್ಟ್ ವಸತಿ) ಕಟ್ಟಿದರೆ? 21 ಚದರ. ಹಂಚಿಕೊಳ್ಳುವ ಕೋಣೆ, ತಲೆಗೆ 0.6 ಚದರ ಸಾಕು ಅನ್ನಿ. 21 ÷ 0.6 = 35 ಜನ. ಅರ್ಧದಷ್ಟು ಸೈಟಿನಲ್ಲಿ ಫ್ಲಾಟಿನ ಎರಡು ಪಟ್ಟಿಗೂ ಹೆಚ್ಚು. ನಗರಕ್ಕೆ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬ ಮಾನದಂಡ ಹಿಡಿದರೆ ಪಿಜಿಗೆ 4,725 ಲೀಟರ್, ನಾಲ್ಕು ಫ್ಲಾಟಿಗೆ 2,160. ಎಫ್‌ಎಆರ್ ಮಾತ್ರ ಎರಡೂ ಕಡೆ ಒಂದೇ.

ಇನ್ನೊಂದು ಮಾತು. ವಠಾರದ ಐವತ್ತು ಜನರಿಗೆ ಇದ್ದದ್ದು ಎರಡು ಸೈಕಲ್ಲು. ಹದಿನಾರು ಜನರ ಫ್ಲಾಟಿನ ಮುಂದೆ ಆರು ಕಾರು. ಬೀದಿಯವರು ‘ಜನಸಂದಣಿ ಹೆಚ್ಚಾಯಿತು’ ಎಂದು ದೂರುವಾಗ ಎಷ್ಟೋ ಸಲ ಅವರ ಮೈಗೆ ತಾಗುತ್ತಿರುವುದು ಕಾರು, ಜನರಲ್ಲ. ದೂರು ಸುಳ್ಳಲ್ಲ, ಅದಕ್ಕೆ ಇಟ್ಟ ಹೆಸರು ತಪ್ಪು.

ಯಾವ ಛೇದ?

ಸಾಂದ್ರತೆಯ, ಅಂದರೆ ಇಷ್ಟು ಜಾಗಕ್ಕೆ ಎಷ್ಟು ಜನ ಎಂಬ, ಅಂಕಿ ಯಾರಾದರೂ ಎಸೆದರೆ ‘ಯಾವ ಜಾಗದಿಂದ ಭಾಗಿಸಿದಿರಿ?’ ಎಂದು ಕೇಳಿ. 30×40 ಸೈಟುಗಳನ್ನಷ್ಟೇ ಒತ್ತಿ ಜೋಡಿಸಿದರೆ ಒಂದು ಹೆಕ್ಟೇರಿಗೆ ಸುಮಾರು 90 ಹಿಡಿಯುತ್ತವೆ. ಸೈಟಿಗೆ ಐದು ಜನ ಎಂದರೆ ಹೆಕ್ಟೇರಿಗೆ 450. ಆದರೆ ಬಡಾವಣೆಯಲ್ಲಿ ಸೈಟುಗಳಷ್ಟೇ ಇರುವುದಿಲ್ಲ. 1976ರ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಾಯ್ದೆಯ ಪ್ರಕಾರ ಉದ್ಯಾನ, ಆಟದ ಮೈದಾನಕ್ಕೆ ಶೇ 15, ನಾಗರಿಕ ಸೌಲಭ್ಯಕ್ಕೆ ಶೇ 10. ರಸ್ತೆಗೆ ಇನ್ನೊಂದು ಕಾಲು ಭಾಗ ಇಟ್ಟುಕೊಳ್ಳಿ. ಉಳಿದದ್ದು ಅರ್ಧ. 225ಕ್ಕೆ ಇಳಿಯಿತು. 2011ರ ಜನಗಣತಿಯಲ್ಲಿ ಬಿಬಿಎಂಪಿ (ಆಗಿನ ನಗರ ಪಾಲಿಕೆ) ವ್ಯಾಪ್ತಿಯ 84 ಲಕ್ಷ ಜನರನ್ನು 700ಕ್ಕೂ ಹೆಚ್ಚು ಚದರ ಕಿ.ಮೀ.ಗೆ ಹಂಚಿದರೆ ಹೆಕ್ಟೇರಿಗೆ 115–120. ಬೆಂಗಳೂರು ನಗರ ಜಿಲ್ಲೆಯ ಅಂಕಿ ಚದರ ಕಿ.ಮೀ.ಗೆ 4,381, ಅಂದರೆ ಹೆಕ್ಟೇರಿಗೆ ಬರೀ 44. ಅದರಲ್ಲಿ ಕೆರೆ, ತೋಟ, ಆನೇಕಲ್ಲಿನ ಹೊಲ ಎಲ್ಲ ಸೇರಿದೆ.

‘ಬೇಕು’ ಎನ್ನುವವರು 44 ತೋರಿಸಿ ‘ಎಷ್ಟೊಂದು ಜಾಗ’ ಅನ್ನುತ್ತಾರೆ. ‘ಬೇಡ’ ಎನ್ನುವವರು ಒಂದು ಕಟ್ಟಡದ ಅಂಕಿ ಹಿಡಿದು ‘ಉಸಿರುಗಟ್ಟುತ್ತದೆ’ ಅನ್ನುತ್ತಾರೆ. ಮುಂದಿನ ಸಲ ಇಬ್ಬರನ್ನೂ ನಿಲ್ಲಿಸಬಹುದು.

ಇನ್ನು ಚರ್ಚೆ

‘ಬೇಕು’ ಕಡೆಯ ಅತಿ ಗಟ್ಟಿ ವಾದ, ನನ್ನ ಪ್ರಕಾರ, ಪೈಪಿನದು. 2007ರಲ್ಲಿ ಬಿಬಿಎಂಪಿಗೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಅಲ್ಲಿ ಗೋಪುರಗಳು ಏಳುತ್ತಲೇ ಇದ್ದವು, ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿಕೊಂಡು. ಅದೇ 2024ರ ಬೇಸಿಗೆಯಲ್ಲಿ ನೀರಿಗೆ ಪರದಾಡಿದ್ದು ನೆನಪಿರಬೇಕು. ಪೈಪು, ಒಳಚರಂಡಿ, ಈಗ ಮೆಟ್ರೋ, ಮೂರೂ ಇರುವ ಜಯನಗರ, ಮಲ್ಲೇಶ್ವರದಂಥ ಕಡೆ ಜನ ಹೆಚ್ಚಬಾರದು, ಏನೂ ಇಲ್ಲದ ಅಂಚಿನಲ್ಲಿ ಹೆಚ್ಚಬಹುದು ಎಂಬುದು ತಿರುಗುಮುರುಗಾದ ಮಾತು, ನಿಜ. ಮೆಟ್ರೋ ನಿಲ್ದಾಣದ ಸುತ್ತ ಹೆಚ್ಚು ಕಟ್ಟಲು ಬಿಡುವ 2022ರ ನೀತಿಯ ಹಿಂದಿರುವುದೂ ಇದೇ ತರ್ಕ.

‘ಬೇಡ’ ಕಡೆಯ ಗಟ್ಟಿ ವಾದವೂ ಪೈಪಿನದೇ! ಪೈಪು ಇದೆ, ಸರಿ. ಆದರೆ ಎಷ್ಟು ಇಂಚಿನದು, ಯಾವ ಕಾಲದ್ದು? ಒಂಟಿಮನೆಗಳಿಗೆಂದು ಹಾಕಿದ ಒಳಚರಂಡಿಗೆ ನಾಲ್ಕು ಪಟ್ಟು ನೀರು ಬಿಟ್ಟರೆ ಅದು ಮ್ಯಾನ್‌ಹೋಲಿನಿಂದ ಮೇಲೆ ಬರುತ್ತದೆ. ಹೆಚ್ಚುವರಿ ಎಫ್‌ಎಆರ್‌ಗೆ ಶುಲ್ಕ ಕಟ್ಟಿಸಿಕೊಂಡರೆ ಆ ದುಡ್ಡು ಅದೇ ಬೀದಿಯ ಪೈಪಿಗೆ ಹೋಗಬೇಕು. ಇಲ್ಲದಿದ್ದರೆ ಅದು ಅನುಮತಿಯ ಬೆಲೆಯಷ್ಟೇ.

ಮಳೆನೀರು ಇಂಗುವುದರ ಬಗ್ಗೆ ಒಂದು ಚಿಕ್ಕ ಎಚ್ಚರಿಕೆ. ಅಲ್ಲಿ ಮುಖ್ಯ ಕವರೇಜ್, ಎಫ್‌ಎಆರ್ ಅಲ್ಲ. ಆದರೆ ‘ಶೇ 20 ಮಾತ್ರ ಕಟ್ಟಿದ್ದೇವೆ, ಉಳಿದದ್ದು ಹುಲ್ಲುಹಾಸು’ ಎನ್ನುವ ಗೋಪುರದ ಹುಲ್ಲಿನ ಕೆಳಗೆ ಎರಡಂತಸ್ತಿನ ಬೇಸ್‌ಮೆಂಟ್ ಪಾರ್ಕಿಂಗು ಇರಬಹುದು. ಆ ಹುಲ್ಲಿನ ಮೇಲೆ ಬಿದ್ದ ನೀರು ನೆಲಕ್ಕೆ ಸೇರುವುದಿಲ್ಲ, ಕಾಂಕ್ರೀಟಿನ ಮೇಲೆ ಹರಿದು ರಾಜಕಾಲುವೆಗೆ ಹೋಗುತ್ತದೆ.

ಎಫ್‌ಎಆರ್ ಏರಿಸಿದರೆ ಮನೆಗಳ ಬೆಲೆ ಇಳಿಯುತ್ತದೆ ಎಂಬ ವಾದ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಹೆಚ್ಚು ಕಟ್ಟಬಹುದು ಎಂದು ಗೊತ್ತಾದ ದಿನವೇ ಸೈಟಿನ ಮಾಲೀಕ ದರ ಏರಿಸುತ್ತಾನೆ. ಒಂದೆರಡು ನಿಲ್ದಾಣದ ಸುತ್ತ ಮಾತ್ರ ಎಫ್‌ಎಆರ್ ಕೊಟ್ಟರೆ ಲಾಭ ಆ ಮಾಲೀಕರಿಗೆ. ಊರಿಗೆಲ್ಲ ಕೊಟ್ಟರೆ ಬೇರೆ ಕಥೆ, ಆಗ ಒಬ್ಬನೇ ಪಟ್ಟು ಹಿಡಿಯಲಾಗದು.

ಪರೀಕ್ಷೆಯಲ್ಲಿ ಒಂದು ಸಾಲಿಗೆ ಉಪಯೋಗಕ್ಕೆ ಬರುವ ಸಂಗತಿ: ನಾವು ‘ಹಳೆಯ ಬೆಂಗಳೂರು’ ಎಂದು ಕಾಪಾಡಲು ಹೊರಟಿರುವ ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು 1898ರ ಪ್ಲೇಗಿನ ಬೆನ್ನಿಗೆ. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತಂದ, ಗಾಳಿ ಬೆಳಕಿನ ಬಡಾವಣೆಗಳು ಅವು. ಆಗ ಇಕ್ಕಟ್ಟಿನ ಭಯಕ್ಕೆ ಕಾರಣ ಪ್ಲೇಗು.

ಅಭ್ಯಾಸಕ್ಕೆ ಒಂದು ಲೆಕ್ಕ

ಜಯನಗರದಲ್ಲಿ 60×40 ಸೈಟು. ಹಳೆಯ ಒಂಟಿಮನೆ, ಎಫ್‌ಎಆರ್ 0.5. ಮಕ್ಕಳಿಬ್ಬರೂ ಅಮೆರಿಕದಲ್ಲಿ, ಮನೆಯಲ್ಲಿ ಇರುವುದು ವಯಸ್ಸಾದ ಗಂಡ ಹೆಂಡತಿ. ಬಿಲ್ಡರಿಗೆ ಕೊಡುತ್ತಾರೆ. ಮೇಲೆ ಹೇಳಿದ ಅದೇ ಕಟ್ಟಡ ಬರುತ್ತದೆ: ಎಫ್‌ಎಆರ್ 1.75, ನಾಲ್ಕು ಫ್ಲಾಟು, ತಲೆಗೆ 2.6 ಚದರ. ಜನ ಎಷ್ಟು ಪಟ್ಟಾದರು?

ಮೊದಲು: 24 × 0.5 = 12 ಚದರ, ಇಬ್ಬರಿಗೆ, ತಲೆಗೆ 6 ಚದರ. ಆಮೇಲೆ: 42 ÷ 2.6, ಸುಮಾರು 16. ಎಫ್‌ಎಆರ್ ಏರಿದ್ದು ಮೂರೂವರೆ ಪಟ್ಟು, ಜನ ಎಂಟು ಪಟ್ಟು.

ವಠಾರ ಕೆಡವಿದಲ್ಲಿ 50 ಹೋಗಿ 16. ಇಲ್ಲಿ 2 ಹೋಗಿ 16. ಹೊಸ ಕಟ್ಟಡ ಇಟ್ಟಿಗೆ ಇಟ್ಟಿಗೆಗೂ ಒಂದೇ. ಹಾಗಾಗಿ ‘ಹೇಗೆ?’ ಎಂದು ಕೇಳಿದ ಆ ಹುಡುಗಿಗೆ ನಾನು ತಿರುಗಿ ಕೇಳಬೇಕಿದ್ದದ್ದು: ‘ಅಲ್ಲಿ ಮೊದಲು ಏನಿತ್ತು?’ ಶುಕ್ರವಾರ ಎರಡನೇ ಸುತ್ತು. ಈ ಸಲ ನನ್ನನ್ನು ‘ಬೇಕು’ ಕಡೆ ಹಾಕಿದ್ದಾರೆ.