ಹರ್ಡಲ್ ದಾಟಿಸುವ ವಂಶವಾಹಿ ಉಂಟೇ?

ಜೊಲ್ಲಿನ ಮಾದರಿ ಕಳುಹಿಸಿದರೆ ಮಗುವಿಗೆ ಓಟ ಒಲಿಯುವುದೋ ಇಲ್ಲವೋ ಎಂದು ಹೇಳಿಬಿಡುವ ವಂಶವಾಹಿ ಪರೀಕ್ಷೆಗಳು ಈಗ ಮಾರಾಟಕ್ಕಿವೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಮಕ್ಕಳನ್ನು ಅಭ್ಯಾಸಕ್ಕೆ ಕರೆತರುವ ತಂದೆತಾಯಂದಿರು ಹಣ ಕಟ್ಟುವ ಮೊದಲು, ಆ ಪರೀಕ್ಷೆ ಅಳೆಯುವುದಾದರೂ ಏನನ್ನು ಎಂದು ತಿಳಿದಿರಬೇಕು.

ಇಂಥ ವರದಿಗಳಲ್ಲಿ ಎದ್ದು ಕಾಣುವ ಹೆಸರು ಎಸಿಟಿಎನ್3. ಈ ವಂಶವಾಹಿಯ ಸೂಚನೆಯಂತೆ ತಯಾರಾಗುವ ಆಲ್ಫಾ ಆ್ಯಕ್ಟಿನಿನ್-3 ಎಂಬ ಪ್ರೋಟೀನು, ಥಟ್ಟನೆ ಬಲ ಕೊಟ್ಟು ಬೇಗ ದಣಿಯುವ ಸ್ನಾಯುತಂತುಗಳಲ್ಲಿ ಇರುತ್ತದೆ. ಸೂಚನೆಯ 577ನೇ ಸ್ಥಾನದಲ್ಲಿ ಆರ್ಜಿನಿನ್ ಎಂಬ ಅಮೈನೊ ಆಮ್ಲದ ಬದಲು ‘ಇಲ್ಲಿಗೆ ನಿಲ್ಲಿಸು’ ಎಂಬ ಸಂಕೇತವಿದ್ದರೆ ಪ್ರೋಟೀನು ಪೂರ್ಣವಾಗುವುದಿಲ್ಲ. ತಂದೆ, ತಾಯಿ ಇಬ್ಬರಿಂದಲೂ ಈ ಬದಲಾದ ಪ್ರತಿಯನ್ನೇ ಪಡೆದವರು ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚು. ಅದು ಕಾಯಿಲೆಯೇನೂ ಅಲ್ಲ. ಅಂಥವರು ಸಾಮಾನ್ಯ ಜನರಲ್ಲಿ ಶೇ 18ರಷ್ಟಿದ್ದರೆ, ವೇಗ ಮತ್ತು ಬಲದ ಉನ್ನತ ಕ್ರೀಡಾಪಟುಗಳಲ್ಲಿ ಶೇ 6ರಷ್ಟು ಮಾತ್ರ ಎಂದು 2003ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿದರು. ‘ವೇಗದ ವಂಶವಾಹಿ’ ಎಂಬ ಬಿರುದು ಬಂದದ್ದು ಹಾಗೆ.

ಆ ಬಿರುದು ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಉನ್ನತ ಮಟ್ಟದ ಸ್ಪ್ರಿಂಟರ್‌ಗಳ ಸಮಯದಲ್ಲಿ ಕಾಣುವ ವ್ಯತ್ಯಾಸಕ್ಕೆ ಈ ವಂಶವಾಹಿಯ ಕೊಡುಗೆ ಸುಮಾರು ಶೇ 1 ಎಂದು 2016ರ ಅಧ್ಯಯನವೊಂದು ಲೆಕ್ಕ ಹಾಕಿತು. ಜಮೈಕಾದಲ್ಲಂತೂ ಸ್ಪ್ರಿಂಟರ್‌ಗಳಿಗೂ ಸಾಮಾನ್ಯ ಜನರಿಗೂ ಈ ವಿಷಯದಲ್ಲಿ ಗಮನಾರ್ಹ ಭೇದವೇ ಕಾಣಲಿಲ್ಲ. ಈ ಪ್ರೋಟೀನೇ ಇಲ್ಲದ ಸ್ಪೇನಿನ ಉದ್ದಜಿಗಿತಗಾರರೊಬ್ಬರು ಎಂಟು ಮೀಟರ್ ದಾಟಿ ಜಿಗಿದು ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದಾರೆ.

ಹರ್ಡಲ್ಸ್‌ನಲ್ಲಿ ಲೆಕ್ಕ ಇನ್ನೂ ಜಟಿಲ. ಪುರುಷರ 110 ಮೀಟರ್ ಸ್ಪರ್ಧೆಯಲ್ಲಿ 1.067 ಮೀಟರ್ ಎತ್ತರದ ಹತ್ತು ಹರ್ಡಲ್‌ಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ 9.14 ಮೀಟರ್. ಈ ಅಂತರವನ್ನು ಮೂರು ಹೆಜ್ಜೆಗಳಲ್ಲಿ ಮುಗಿಸಬೇಕಾದ್ದರಿಂದ, ಸ್ನಾಯುವಿನಲ್ಲಿ ಎಷ್ಟೇ ಕಸುವಿದ್ದರೂ ಹೆಜ್ಜೆಯನ್ನು ಬೇಕಾದಷ್ಟು ಉದ್ದ ಮಾಡುವಂತಿಲ್ಲ. ಮಾಡಿದರೆ ಮುಂದಿನ ಹರ್ಡಲ್‌ಗೆ ತೀರ ಹತ್ತಿರ ಬಂದು ನೆಗೆತ ಕೆಡುತ್ತದೆ. ಹಾಗಾಗಿ ಸಮಯ ಉಳಿಯುವುದು ಹೆಜ್ಜೆಗಳು ಚುರುಕಾಗಿ ಬೀಳುವುದರಿಂದ, ಮುಂದಿನ ಕಾಲು ಹರ್ಡಲ್ ದಾಟಿದ ಕೂಡಲೇ ನೆಲ ಮುಟ್ಟುವುದರಿಂದ, ಹಿಂದಿನ ಕಾಲಿನ ಮಂಡಿ ಪಕ್ಕಕ್ಕೆ ಮಡಚಿಕೊಂಡು ಬೇಗ ಮುಂದಕ್ಕೆ ಬರುವುದರಿಂದ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಕರ್ನಾಟಕದ ಅಶ್ವಿನಿ ಅಕ್ಕುಂಜಿ ಚಿನ್ನ ಗೆದ್ದ 400 ಮೀಟರ್ ಹರ್ಡಲ್ಸ್‌ನಲ್ಲಿ ಅಂತರ 35 ಮೀಟರ್. ಅಲ್ಲಿ ದಣಿವೇರಿದಂತೆ ಹೆಜ್ಜೆ ಚಿಕ್ಕದಾಗಿ, ನೆಗೆಯಬೇಕಾದ ಕಾಲೇ ಬದಲಾಗಬಹುದು. ಎಡ, ಬಲ ಯಾವ ಕಾಲಿನಿಂದಾದರೂ ನೆಗೆಯಲು ಕಲಿತವರು ಲಯ ಕಳೆದುಕೊಳ್ಳುವುದಿಲ್ಲ. ಆ ಕಲಿಕೆ ವರ್ಷಗಟ್ಟಲೆ ಅಭ್ಯಾಸದಿಂದ ಬರುವಂಥದ್ದು.

ಆನುವಂಶಿಕತೆಯ ಪಾತ್ರವೇ ಇಲ್ಲವೆಂದು ಇದರ ಅರ್ಥವಲ್ಲ. ಹರ್ಡಲ್ಸ್‌ಗೆ ಅನುಕೂಲವಾದ ಎತ್ತರವನ್ನೇ ನೋಡಿ: ಜನರ ನಡುವಿನ ಎತ್ತರದ ವ್ಯತ್ಯಾಸದಲ್ಲಿ ಶೇ 80ರಷ್ಟು ಆನುವಂಶಿಕ, ಅದೂ ಸಾವಿರಾರು ಸಣ್ಣ ಬದಲಾವಣೆಗಳ ಒಟ್ಟು ಫಲ. ಆದರೆ ಅದನ್ನು ತಿಳಿಯಲು ಅಳತೆಪಟ್ಟಿ ಸಾಕು. ಮಕ್ಕಳ ಪ್ರತಿಭೆ ಗುರುತಿಸಲು ಇಂಥ ವಂಶವಾಹಿ ಪರೀಕ್ಷೆಗಳನ್ನು ಬಳಸಕೂಡದೆಂದು ಹಲವು ದೇಶಗಳ ಕ್ರೀಡಾ ವಿಜ್ಞಾನಿಗಳು 2015ರಲ್ಲಿಯೇ ಒಮ್ಮತದ ಹೇಳಿಕೆ ಕೊಟ್ಟಿದ್ದಾರೆ.